ಶತಮಾನೋತ್ಸವದ ಸಂಚಿಕೆಯಲ್ಲಿ ಮುತ್ತಜ್ಜನ ಹಲಗೆಯ ಕಥೆ ಬರೆಯಬಹುದೇ?

ಪ್ರಶ್ನೆ: ಅಯ್ಯನವರಿಗೆ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರವಳು. ಈಗ ಕೊಪ್ಪಳದಲ್ಲಿ ಪ್ರೌಢಶಾಲೆ ಶಿಕ್ಷಕಿ, ವಯಸ್ಸು 29. ನಮ್ಮ ಮುತ್ತಜ್ಜ ಊರಿನ ಹಬ್ಬ ಮತ್ತು ಸಾವುಗಳಿಗೆ ಹಲಗೆ ಬಾರಿಸುತ್ತಿದ್ದರು, ಸತ್ತ ದನ ಎಳೆಯುತ್ತಿದ್ದರು. ನಿಜಾಮರ ಕಾಲದಲ್ಲಿ ಕೇರಿಯ ಹಲವು ಮನೆಗಳವರೊಂದಿಗೆ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಬರುವ ವರ್ಷ ನಮ್ಮ ಕ್ರೈಸ್ತ ಸಭೆಗೆ ನೂರು ತುಂಬುತ್ತದೆ. ಸ್ಮರಣ ಸಂಚಿಕೆಗೆ ಸಭೆಯ ಚರಿತ್ರೆ ಬರೆಯುವ ಕೆಲಸವನ್ನು ಹಿರಿಯರು ನನಗೆ ಒಪ್ಪಿಸಿದ್ದಾರೆ. ಆದರೆ ಎರಡು ಷರತ್ತು ಹಾಕಿದ್ದಾರೆ. ಮಿಷನರಿ ದೊರೆಗಳು ಬಂದ ದಿನದಿಂದ ಚರಿತ್ರೆ ಆರಂಭವಾಗಬೇಕು, ಅದಕ್ಕಿಂತ ಹಿಂದಿನದು ಬೇಡ. ಎಪ್ಪತ್ತರ ದಶಕದಲ್ಲಿ ನಮ್ಮಲ್ಲೇ ಎಡಗೈ (ಮಾದಿಗ) ಬಲಗೈ (ಚಲವಾದಿ) ಮನೆಗಳ ನಡುವೆ ಕರ್ತನ ಮೇಜಿನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ, ಪಾತ್ರೆಯ ವಿಷಯದಲ್ಲಿ ಜಗಳವಾಗಿ ಒಂದು ಗುಂಪು ಬೇರೆ ಸಭೆ ಮಾಡಿಕೊಂಡಿತು. ಅದನ್ನೂ ಬರೆಯಬಾರದು. 'ಹಳೆಯದು ಅಳಿದುಹೋಯಿತು, ಎಲ್ಲವೂ ಹೊಸದಾಯಿತು' ಎನ್ನುತ್ತಾರೆ ನಮ್ಮ ಸಭಾಪಾಲಕರು (ಪಾಸ್ಟರ್). ಅಪ್ಪ ಇನ್ನೂ ಖಡಾಖಂಡಿತ: 'ನಮಗೆ ಜಾತಿ ಇಲ್ಲ, ಅದನ್ನು ಕೆದಕಬೇಡ.' ಆದರೆ ಊರಿನ ಚಹಾದಂಗಡಿಯಲ್ಲಿ ಇಂದಿಗೂ ಅಪ್ಪನಿಗೆ ಬೇರೆ ಲೋಟ. ಹಳೆಯದು ಅಳಿದಿದ್ದರೆ ಆ ಲೋಟ ಎಲ್ಲಿಂದ ಬಂತು? ನಾವು ನಿರೀಕ್ಷೆ ಎನ್ನುವುದು ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನ ಮಾತ್ರವೇ? ನಾನು ಯಾರೆಂದು ಬರೆದುಕೊಳ್ಳಲಿ? ನನ್ನ ಶಾಲಾ ದಾಖಲೆಯಲ್ಲಿ 'ಹಿಂದೂ ಮಾದಿಗ' ಎಂದಿದೆ, ಅದರ ಬಗ್ಗೆಯೂ ಭಯವಿದೆ.

ಉತ್ತರ: ಸಹೋದರಿ, ನೀವು ಹಲವು ಪ್ರಶ್ನೆಗಳನ್ನು ಕೇಳಿದ್ದರೂ ಅವುಗಳ ಅಡಿಯಲ್ಲಿರುವ ಆತಂಕ ಒಂದೇ ಎಂದು ನನಗೆ ಕಾಣುತ್ತದೆ. ಹಿಂದಿನದನ್ನು ಹೇಳಿದರೆ ನಂಬಿಕೆಗೆ ದ್ರೋಹ ಬಗೆದಂತೆ, ಹೇಳದಿದ್ದರೆ ಮುತ್ತಜ್ಜನಿಗೆ ದ್ರೋಹ ಬಗೆದಂತೆ ಎಂದು ನೀವು ಸಿಕ್ಕಿಹಾಕಿಕೊಂಡಿದ್ದೀರಿ. ಈ ಭಾಗದ ಸಭೆಗಳಲ್ಲಿ ಪಾಲಕನಾಗಿದ್ದು, ಆಮೇಲೆ ಸಭಾ ಚರಿತ್ರೆಯನ್ನು ಕಲಿಸಿದವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬರೆಯಿರಿ. ಯಾವುದನ್ನು ಅಚ್ಚು ಹಾಕಬೇಕು, ಯಾರ ಹೆಸರು ಹಾಕಬಾರದು ಎಂಬುದರಲ್ಲಿ ಮಾತ್ರ ಬಹಳ ಎಚ್ಚರ ಬೇಕು. ನಿಮ್ಮ ಅಪ್ಪನ ಮೌನಕ್ಕೆ ನೀವು ಊಹಿಸಿರುವುದಕ್ಕಿಂತ ಬಲವಾದ ಕಾರಣವಿರಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಪಾಲಕರ ಮಾತು. ಅವರು ಉದ್ಧರಿಸಿದ್ದು ಸತ್ಯವೇದದಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಐದನೆಯ ಅಧ್ಯಾಯ. ಅದೇ ಪತ್ರದಲ್ಲಿ ಇನ್ನು ಕೆಲವು ಪುಟ ಮುಂದೆ ಹೋಗಿ ಹನ್ನೊಂದನೆಯ ಅಧ್ಯಾಯ ಓದಿ. ಎಷ್ಟು ಸಾರಿ ಕೊರಡೆಯ ಏಟು ತಿಂದೆ, ಎಷ್ಟು ಸಾರಿ ಹಡಗು ಒಡೆಯಿತು, ಯಾವ ಊರಿನಲ್ಲಿ ಗೋಡೆಯ ಮೇಲಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡೆ ಎಂದು ಪೌಲನು ಒಂದೊಂದಾಗಿ ಲೆಕ್ಕ ಕೊಡುತ್ತಾನೆ. ತಾನು ಬೆನ್ಯಾಮೀನನ ಕುಲದವನು ಎಂದು ಬೇರೆ ಪತ್ರದಲ್ಲಿ ಹೇಳಿಕೊಳ್ಳುತ್ತಾನೆ. ಸಭೆಯನ್ನು ಹಿಂಸಿಸಿದವನು ತಾನೇ ಎಂಬುದನ್ನೂ ಮುಚ್ಚಿಡುವುದಿಲ್ಲ. ಹೊಸ ಸೃಷ್ಟಿಯ ಮಾತನ್ನು ಬರೆದವನಿಗೇ ತನ್ನ ಹಿಂದಿನ ಬದುಕು ಬಾಯಿ ಮುಚ್ಚಿಸುವ ವಿಷಯವಾಗಿರಲಿಲ್ಲ. ಅಳಿದುಹೋದದ್ದು ಹಿಂದಿನದಕ್ಕೆ ನಮ್ಮ ಮೇಲಿದ್ದ ಅಧಿಕಾರ. ನೆನಪು ಅಳಿಯಬೇಕೆಂದು ಅವನು ಎಲ್ಲಿಯೂ ಹೇಳಲಿಲ್ಲ.

ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ ಇನ್ನೂ ಸ್ಪಷ್ಟ. ಇಸ್ರಾಯೇಲಿನ ರೈತ ಪ್ರಥಮ ಫಲದ ಪುಟ್ಟಿಯನ್ನು ಯಾಜಕನ ಮುಂದೆ ಇಡುವಾಗ ಒಂದು ಮಾತನ್ನು ಬಾಯಿಬಿಟ್ಟು ಹೇಳಬೇಕಿತ್ತು. ನಮ್ಮ ಮೂಲಪಿತೃ ಅಲೆದಾಡುತ್ತಿದ್ದ ಅರಾಮ್ಯನು, ಐಗುಪ್ತದಲ್ಲಿ ನಮ್ಮನ್ನು ಬಿಟ್ಟಿ ದುಡಿಸಿಕೊಂಡರು, ನಾವು ಕೂಗಿದೆವು, ಕರ್ತನು ಕೇಳಿದನು ಎಂದು. ಸುಗ್ಗಿಯ ಸಂತೋಷದ ದಿನ, ದೇವರ ಸನ್ನಿಧಿಯಲ್ಲಿ, ಗುಲಾಮಗಿರಿಯ ಕಥೆ ಕಡ್ಡಾಯ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಿಂದ ದಲಿತ ದೇವಶಾಸ್ತ್ರದ ಮಾತನ್ನು ಎತ್ತಿದ ಅರವಿಂದ ನಿರ್ಮಲ್ ಅವರು ಈ ಅಧ್ಯಾಯವನ್ನೇ ಆಧಾರವಾಗಿ ಹಿಡಿದರು. ನಿಮ್ಮ ಶತಮಾನೋತ್ಸವವೂ ಒಂದು ಪ್ರಥಮ ಫಲದ ಪುಟ್ಟಿಯೇ. ಹಲಗೆಯ ಕಥೆ, ದನ ಎಳೆದ ಕಥೆ ಅದರ ಜೊತೆ ಹೋಗಬೇಕಾದ ಅರಿಕೆ. ಅದನ್ನು ಬಿಟ್ಟರೆ ದೇವರು ನಿಮ್ಮನ್ನು ಯಾವುದರಿಂದ ಬಿಡಿಸಿದನೆಂದು ಓದುವವರಿಗೆ ತಿಳಿಯುವುದಾದರೂ ಹೇಗೆ?

ಇನ್ನು ಚರಿತ್ರೆ ಮಿಷನರಿ ಬಂದ ದಿನದಿಂದ ಆರಂಭವಾಗಬೇಕೆಂಬ ಷರತ್ತು. ಇದು ನಮ್ಮ ಬಹುತೇಕ ಸ್ಮರಣ ಸಂಚಿಕೆಗಳ ರೂಢಿ. ಮೊದಲ ಪುಟದಲ್ಲಿ ದೊರೆಯ ಭಾವಚಿತ್ರ, ಎರಡನೆಯದರಲ್ಲಿ ದೊರೆಸಾನಿಯದು, ಕೇರಿಯವರು ಕೊನೆಗೆ 'ಸಭಿಕರು' ಎಂಬ ಒಂದೇ ಶಬ್ದದಲ್ಲಿ. ಈ ಸೇವಕರ ಋಣವನ್ನು ನಾನು ಕಡಿಮೆ ಮಾಡುವುದಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಕ್ಕೆ ತರಲು ಎರಡು ದಶಕ ದುಡಿದರು. ಅವರ ಜೊತೆಗಾರ ವಿಲಿಯಂ ರೀವ್ ನಿಘಂಟು ಮಾಡಿದರು. ನಿಮ್ಮ ಕಡೆ ನಿಜಾಮರ ಸೀಮೆಗೆ ಅಮೆರಿಕದ ಮೆಥೋಡಿಸ್ಟರು ಬಂದದ್ದು ಅದಕ್ಕಿಂತ ಬಹಳ ತಡವಾಗಿ. ಮುದಗಲ್ಲಿನಲ್ಲಿ ಕಥೊಲಿಕ ಸಭೆ ಇವರೆಲ್ಲರಿಗಿಂತ ಹಳೆಯದು, ಆದಿಲ್‌ಶಾಹಿ ಕಾಲಕ್ಕೆ ಹೋಗುತ್ತದೆ.

ಆದರೆ ಗಮನಿಸಬೇಕಾದ ಸಂಗತಿ ಬೇರೆ ಇದೆ. ಬಳ್ಳಾರಿಯಲ್ಲಿ ಅಚ್ಚುಕೂಟ, ಶಾಲೆ, ಪೇಟೆ ಬೀದಿಯ ಉಪದೇಶ ಎಲ್ಲ ಇದ್ದರೂ ದೀಕ್ಷಾಸ್ನಾನ ಪಡೆದವರು ಬಹಳ ಕಾಲ ಬೆರಳೆಣಿಕೆಯಷ್ಟು. ಮಂದಿ ಗುಂಪು ಗುಂಪಾಗಿ ಬಂದದ್ದು ಕೇರಿಗಳೇ ಕುಳಿತು ತೀರ್ಮಾನ ಮಾಡಿದಾಗ. ದಖ್ಖನಿನ ಹಳ್ಳಿಗಳಲ್ಲಿ ಹಲವು ಕಡೆ ನಡೆದದ್ದು ಹೀಗೆ: ಒಂದು ಮನೆಯ ಹಿರಿಯನು ನೆಂಟರ ಊರಿನಲ್ಲಿ ಸುವಾರ್ತೆ ಕೇಳಿ ಬರುತ್ತಾನೆ, ಕೇರಿಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಚರ್ಚೆಯಾಗುತ್ತದೆ, ಆಮೇಲೆ ಅವರೇ ಹೋಗಿ ಉಪದೇಶಕರನ್ನು, ಶಾಲೆಯ ಮಾಸ್ತರರನ್ನು ಕಳಿಸಿ ಎಂದು ಕೇಳುತ್ತಾರೆ. ದೊರೆ ಬರುವುದು ಕೊನೆಗೆ. ಊರಿನ ಹಲಗೆ ಬಾರಿಸುವುದಿಲ್ಲ, ಸತ್ತ ದನ ಮುಟ್ಟುವುದಿಲ್ಲ ಎಂದು ಗೌಡರ ಮುಂದೆ ನಿಂತು ಹೇಳಿದವನು ದೊರೆಯಲ್ಲ. ಅದಕ್ಕಾಗಿ ಕೂಲಿ ಕಳೆದುಕೊಂಡವನು, ಭಾವಿಯ ಹತ್ತಿರ ಬೈಸಿಕೊಂಡವಳು, ಆಯದ ಕಾಳು ನಿಂತುಹೋದ ವರ್ಷ ಮಕ್ಕಳಿಗೆ ಗಂಜಿ ಕುಡಿಸಿದವಳು ನಿಮ್ಮ ಮನೆಯವರು. ಹಿರಿಯರಿಗೆ ಇದನ್ನು ಹೀಗೆಯೇ ಹೇಳಿ ನೋಡಿ. ಹಿಂದಿನದನ್ನು ಬಿಟ್ಟರೆ ನಾವು ಬಿಡುವುದು ಅವಮಾನವನ್ನು ಮಾತ್ರವಲ್ಲ, ನಮ್ಮ ಹಿರಿಯರ ಧೈರ್ಯವನ್ನೂ.

'ಅನ್ನಕ್ಕಾಗಿ ಜಾತಿ ಬಿಟ್ಟವರು' ಎಂಬ ಮಾತನ್ನು ನೀವು ಸಹೋದ್ಯೋಗಿಗಳಿಂದ ಖಂಡಿತ ಕೇಳಿರುತ್ತೀರಿ. 1876ರಿಂದ 78ರವರೆಗಿನ ಬರ ಬಳ್ಳಾರಿ ಸೀಮೆಯನ್ನು ಹಿಂಡಿಹಾಕಿತು. ಗಂಜಿ ಕೇಂದ್ರಗಳಲ್ಲಿ ಮಿಷನರಿಗಳು ದುಡಿದದ್ದೂ, ಬರದ ನಂತರ ಹಲವು ಕಡೆ ಸಭೆಗಳು ಬೆಳೆದದ್ದೂ ದಕ್ಷಿಣ ಭಾರತದ ಚರಿತ್ರೆಯಲ್ಲಿ ಇದೆ. ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಅಮೆರಿಕದ ಮೆಥೋಡಿಸ್ಟ್ ಮಿಷನರಿ ಪಿಕೆಟ್ ಅವರ ನೇತೃತ್ವದಲ್ಲಿ ನಡೆದು 1933ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ಸಾಮೂಹಿಕವಾಗಿ ಬಂದವರನ್ನೇ ನೇರವಾಗಿ ಕಂಡು, ಏಕೆ ಬಂದಿರಿ ಎಂದು ಕೇಳಿತು. ಉತ್ತರಗಳು ಬೆರಕೆಯಾಗಿದ್ದವು. ದೇವರ ಹಂಬಲ, ನೆಂಟರ ಒತ್ತಾಯ, ಮಕ್ಕಳ ಓದು, ಜಮೀನ್ದಾರರ ಕಾಟದಿಂದ ರಕ್ಷಣೆ ಎಲ್ಲವೂ ಇದ್ದವು. ಮನುಷ್ಯರು ಯಾವ ದೊಡ್ಡ ನಿರ್ಧಾರವನ್ನೂ ಒಂದೇ ಕಾರಣಕ್ಕೆ ಮಾಡುವುದಿಲ್ಲ. ಹೊಟ್ಟೆಗೆ ಅನ್ನ, ಬೆನ್ನಿಗೆ ಗೌರವ ಬೇಡಿದವರ ನಂಬಿಕೆ ಕೀಳೆಂದು ಹೇಳುವ ಹಕ್ಕು, ಆ ಎರಡನ್ನೂ ಅವರಿಗೆ ಕೊಡದೆ ಇಟ್ಟುಕೊಂಡಿದ್ದವರಿಗೆ ಇಲ್ಲವೇ ಇಲ್ಲ.

ಹೆಚ್ಚು ಕಷ್ಟದ ವಿಷಯ ನಿಮ್ಮ ಎರಡನೆಯ ಷರತ್ತಿನಲ್ಲಿದೆ. ಹೊರಗಿನವರು ನಮಗೆ ಮಾಡಿದ್ದನ್ನು ಬರೆಯುವುದು ಸುಲಭ. ನಾವೇ ಕರ್ತನ ಮೇಜಿನ ಮುಂದೆ ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ. ಈ ಜಗಳ ನಿಮ್ಮ ಊರಿನದು ಮಾತ್ರವಲ್ಲ. ತಂಜಾವೂರು ಸೀಮೆಯ ಸಭೆಗಳಲ್ಲಿ ಜಾತಿಯ ಪ್ರಕಾರ ಕೂರುವುದು, ಒಬ್ಬರಾದ ಮೇಲೆ ಒಬ್ಬರು ಪಾತ್ರೆ ಮುಟ್ಟುವುದು ಬೆಳೆದು ನಿಂತಾಗ 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಅವರು ಸಭೆಯೊಳಗೆ ಜಾತಿ ಸಂಪೂರ್ಣವಾಗಿ, ಕೂಡಲೇ ನಿಲ್ಲಬೇಕೆಂದು ಸುತ್ತೋಲೆ ಬರೆದರು. ಬಹಳ ಜನ ಸಭೆಯನ್ನೇ ಬಿಟ್ಟು ನಡೆದರು, ಜಾತಿಯನ್ನು ಬಿಡಲಿಲ್ಲ. ಅಲ್ಲಿಂದ 183 ವರ್ಷಗಳ ನಂತರ, 2016ರ ಡಿಸೆಂಬರಿನಲ್ಲಿ, ಭಾರತದ ಕಥೊಲಿಕ ಬಿಷಪ್ಪರ ಸಮ್ಮೇಳನವು ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆಯೂ ತಾರತಮ್ಯವೂ ಇದೆ ಎಂದು ಒಪ್ಪಿಕೊಂಡಿತು. ದೀಕ್ಷಾಸ್ನಾನದ ನೀರು ಜಾತಿಯನ್ನು ತಾನಾಗಿ ತೊಳೆದುಬಿಡುತ್ತದೆ ಎಂಬ ನಮ್ಮ ಸುಲಭದ ನಂಬಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಹೊರದೇಶದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದೂ ಕರ್ತನ ಮೇಜಿನಿಂದಲೇ ಆರಂಭವಾಯಿತು. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಸಭೆಯ ಮಹಾಸಭೆ 1857ರಲ್ಲಿ ಒಂದು ತೀರ್ಮಾನ ಮಾಡಿತು. ಬಿಳಿಯರೂ ಕರಿಯರೂ ಒಂದೇ ಸಭೆಯಲ್ಲಿ ಸೇರುವುದೇ ಸತ್ಯವೇದಕ್ಕೆ ತಕ್ಕದ್ದು, ಆದರೂ 'ಕೆಲವರ ಬಲಹೀನತೆಯ ಕಾರಣ' ಬೇರೆ ಬೇರೆ ಕೂಡಿಬರಬಹುದು ಎಂದು. ಕೇಳಲು ಎಷ್ಟು ಮೃದುವಾದ ಮಾತು! ಆ ವಿನಾಯಿತಿಯಿಂದ ಬೇರೆ ಆರಾಧನೆ, 1881ರಲ್ಲಿ ಬೇರೆ ಸಭೆ, ಕೊನೆಗೆ ದೇಶವನ್ನೇ ಬಣ್ಣದ ಮೇಲೆ ಒಡೆದ ಕಾನೂನುಗಳಿಗೆ ದೇವಶಾಸ್ತ್ರದ ಸಮರ್ಥನೆ ಹುಟ್ಟಿಕೊಂಡಿತು. ಹಾಗೆ ಬೇರೆ ಹಾಕಲ್ಪಟ್ಟ ಸಭೆಯೇ 1982ರಲ್ಲಿ ಬೆಲ್ಹಾರ್ ಎಂಬಲ್ಲಿ ಒಂದು ವಿಶ್ವಾಸ ಪ್ರಮಾಣವನ್ನು ಸಿದ್ಧಪಡಿಸಿ 1986ರಲ್ಲಿ ಅಂಗೀಕರಿಸಿತು. ಸಭೆಯ ಐಕ್ಯ ಕಣ್ಣಿಗೆ ಕಾಣುವಂಥದಾಗಿರಬೇಕು, ದೇವರು ಅನ್ಯಾಯಕ್ಕೊಳಗಾದವರ ಪಕ್ಕದಲ್ಲಿ ನಿಲ್ಲುತ್ತಾನೆ ಎಂದು ಅದು ಸಾರಿತು. 1990ರ ನವೆಂಬರಿನಲ್ಲಿ ರಸ್ಟನ್‌ಬರ್ಗ್ ನಗರದಲ್ಲಿ ಎಲ್ಲ ಸಭೆಗಳೂ ಕೂಡಿದಾಗ ಬಿಳಿಯರ ಸಭೆಯ ದೇವಶಾಸ್ತ್ರಜ್ಞ ವಿಲ್ಲಿ ಯೋಂಕರ್ ಎದ್ದುನಿಂತು ತನ್ನ ಪಾಪವನ್ನೂ ತನ್ನ ಜನರ ಪಾಪವನ್ನೂ ಅರಿಕೆ ಮಾಡಿದರು. ಕರಿಯರ ಪರ ಹೋರಾಡಿದ ಆರ್ಚ್‌ಬಿಷಪ್ ಡೆಸ್ಮಂಡ್ ಟೂಟೂ ಆ ಅರಿಕೆಯನ್ನು ಸ್ವೀಕರಿಸಿದರು. ಅಲ್ಲಿಗೆ ಎಲ್ಲವೂ ಸರಿಹೋಗಲಿಲ್ಲ, ಆ ಸಭೆಗಳ ಐಕ್ಯದ ಮಾತುಕತೆ ದಶಕಗಳ ಕಾಲ ಎಳೆಯಿತು. ಆದರೆ ದೇಶ ಸತ್ಯ ಹೇಳುವ ಆಯೋಗವನ್ನು ರಚಿಸುವುದಕ್ಕೆ ಐದು ವರ್ಷ ಮೊದಲೇ ಸಭೆಯೊಳಗೆ ಒಬ್ಬರು ಸತ್ಯ ಹೇಳಿದ್ದರು.

ನಿಮ್ಮ ಹಿರಿಯರು ಹೇಳುವಂತೆ ಇಂಥವನ್ನು ಹೇಳಿದರೆ ಭೇದ ಹೆಚ್ಚುತ್ತದೆಯೇ? ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಅವರ ಮುಂದೆ ಇಡಿ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ಅನ್ಯಜನರ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದವನು, ಯೆರೂಸಲೇಮಿನ ಕಡೆಯವರು ಬಂದ ಕೂಡಲೇ ಭಯಪಟ್ಟು ಎದ್ದುಹೋದ. ಬಾರ್ನಬನೂ ಅವನ ಹಿಂದೆ ಹೋದ. ಪೌಲನು ಎಲ್ಲರ ಮುಂದೆಯೇ ಪೇತ್ರನನ್ನು ಕೇಳಿದ. ಪಂಕ್ತಿಭೇದ ಮಾಡಿದವನು ಸಾಮಾನ್ಯ ಸಭಿಕನಲ್ಲ, ಅಪೊಸ್ತಲರಲ್ಲಿ ಮೊದಲಿಗ. ಸಭೆ ಆ ಪುಟವನ್ನು ಹರಿದು ಹಾಕಲಿಲ್ಲ. ಹತ್ತೊಂಬತ್ತು ಶತಮಾನಗಳಿಂದ ಪುಲ್ಪಿಟ್ಟಿನ ಮೇಲಿಟ್ಟು ಓದುತ್ತಿದೆ. ಅದೇ ಪತ್ರದ ಮುಂದಿನ ಅಧ್ಯಾಯದಲ್ಲಿ ಯೆಹೂದ್ಯ ಗ್ರೀಕ ಎಂಬ ಭೇದವಿಲ್ಲ ಎಂಬ ವಚನ ಬರುತ್ತದೆ. ನಾವು ಆ ವಚನವನ್ನು ಗೋಡೆಯ ಮೇಲೆ ಬರೆಸುತ್ತೇವೆ, ಅದಕ್ಕೆ ಹಿನ್ನೆಲೆಯಾದ ಪಂಕ್ತಿಯ ಜಗಳವನ್ನು ಓದದೆ ಬಿಡುತ್ತೇವೆ.

ಇಷ್ಟಾದರೂ, ನಿಮ್ಮ ಅಪ್ಪನ ಮೌನವನ್ನು ಹೇಡಿತನವೆಂದು ದಯವಿಟ್ಟು ತಿಳಿಯಬೇಡಿ. ಆ ಪೀಳಿಗೆಯವರಿಗೆ ಜಾತಿಯ ಹೆಸರು ಕಿವಿಗೆ ಬಿದ್ದದ್ದು ಬೈಗುಳವಾಗಿಯೇ. ದೇವಪುತ್ರಪ್ಪ, ಸಮುವೇಲಪ್ಪ, ಸುವಾರ್ತಮ್ಮ ಎಂದು ಮಕ್ಕಳಿಗೆ ಹೆಸರಿಟ್ಟು, ಬಿಳಿ ಅಂಗಿ ತೊಡಿಸಿ, ಆದಿತ್ಯವಾರ ಕೇರಿಯ ನಡುವೆ ತಲೆಯೆತ್ತಿ ನಡೆಸಿದವರು ಅವರು. 'ನಮಗೆ ಜಾತಿ ಇಲ್ಲ' ಎಂಬುದು ಅವರ ಬಾಯಲ್ಲಿ ವಿಶ್ವಾಸದ ಘೋಷಣೆ. ಅದು ಸುಳ್ಳೆಂದು ಅವರ ಎದುರು ವಾದಿಸಿ ಗೆಲ್ಲುವ ಅಗತ್ಯ ಮಗಳಿಗಿಲ್ಲ.

ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣ ಕಾಗದದ ಭಯ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ ಪ್ರಕಾರ ಹಿಂದೂ ಧರ್ಮದವರಲ್ಲದವರು ಪರಿಶಿಷ್ಟ ಜಾತಿಯವರೆನಿಸುವುದಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರನ್ನೂ ಮುಸ್ಲಿಮರನ್ನೂ ಇಂದಿಗೂ ಸೇರಿಸಿಲ್ಲ. ಚಹಾದಂಗಡಿಯವನು ನಿಮ್ಮ ಅಪ್ಪನ ದೀಕ್ಷಾಸ್ನಾನದ ಚೀಟಿ ನೋಡಿ ಲೋಟ ಬದಲಿಸಲಿಲ್ಲ, ಸರ್ಕಾರ ಮಾತ್ರ ಅದನ್ನು ನೋಡಿ ಹಕ್ಕನ್ನು ಕಿತ್ತುಕೊಳ್ಳುತ್ತದೆ. ಇದು ಅನ್ಯಾಯವೆಂದೇ ನನ್ನ ದೃಢವಾದ ನಂಬಿಕೆ. ರಂಗನಾಥ ಮಿಶ್ರ ಆಯೋಗವೂ 2007ರಲ್ಲಿ ಧರ್ಮದ ಈ ಕಟ್ಟನ್ನು ತೆಗೆಯಬೇಕೆಂದು ಹೇಳಿತು. ಇದರ ಫಲವೆಂದರೆ ನಮ್ಮ ಎಷ್ಟೋ ಮನೆಗಳು ಭಾನುವಾರ ಒಂದು ಹೆಸರು, ತಹಶೀಲ್ದಾರರ ಕಚೇರಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುತ್ತಿವೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಆರಂಭವಾಗಿ, ಜಾತಿಯ ಹೆಸರಿನ ಜೊತೆ ಕ್ರೈಸ್ತ ಎಂದು ಸೇರಿಸಿದ ಪಟ್ಟಿಯ ಬಗ್ಗೆ ವಿವಾದ ಎದ್ದಾಗ, ಈ ಮನೆಗಳಲ್ಲಿ ಎಷ್ಟು ಆತಂಕವಿತ್ತೆಂದು ನನಗೆ ಗೊತ್ತು. ಇಂಥ ಮನೆಯವರ ಅಜ್ಜನ ಹೆಸರು, ದೀಕ್ಷಾಸ್ನಾನದ ತಾರೀಖು, ಕುಟುಂಬದ ಫೋಟೊ ಅಚ್ಚಾದ ಸಂಚಿಕೆ ನಾಳೆ ಯಾರದೋ ಕೈಯಲ್ಲಿ ಸಾಕ್ಷಿಯಾಗಬಹುದು. ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದ ಸೆಲ್ವರಾಣಿ ಎಂಬವರ 2024ರ ನವೆಂಬರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೋಡಿದ ಸಂಗತಿಗಳಲ್ಲಿ ಆ ಹೆಣ್ಣುಮಗಳ ದೀಕ್ಷಾಸ್ನಾನದ ದಾಖಲೆಯೂ ಒಂದು. ಹಿರಿಯರು ಈ ಭಯವನ್ನು ಬಾಯಿಬಿಟ್ಟು ಹೇಳಲಾರರು. 'ಹಳೆಯದು ಅಳಿದುಹೋಯಿತು' ಎಂಬ ವಚನದ ಹಿಂದೆ ಅದನ್ನು ಇಟ್ಟಿರಬಹುದು. ಕೇಳಿ ನೋಡಿ, ಒಬ್ಬೊಬ್ಬರನ್ನೇ, ಅವರ ಮನೆಯಲ್ಲಿ ಕುಳಿತು.

ಹಾಗಾದರೆ ಏನು ಮಾಡಬಹುದು? ಹಿರಿಯರು ಹೇಳಿದಂತೆಯೇ ಬರೆದುಕೊಟ್ಟರೆ ಶತಮಾನೋತ್ಸವ ಸುಗಮವಾಗಿ ನಡೆಯುತ್ತದೆ. ಅಪಾಯವೇನೆಂದರೆ ಮುಂದಿನ ಪೀಳಿಗೆಗೆ ಆಧಾರವಾಗಿ ಉಳಿಯುವುದು ಆ ಸಂಚಿಕೆಯೊಂದೇ. ಈಗ ಎಂಬತ್ತು ದಾಟಿದ ಅಜ್ಜಿಯರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಎಲ್ಲವನ್ನೂ ಹೆಸರು ಸಮೇತ ಬರೆದರೆ ಸತ್ಯವೇನೋ ಹೊರಬರುತ್ತದೆ. ಆದರೆ ಯಾರೋ ಹುಡುಗನ ಕೆಲಸ ಹೋಗಬಹುದು, ಎಪ್ಪತ್ತರ ಜಗಳದಲ್ಲಿ ಪಾತ್ರೆ ಕಸಿದವರ ಮೊಮ್ಮಕ್ಕಳು ತಲೆತಗ್ಗಿಸಬಹುದು, ಊರಿನ ಮೇಲ್ಜಾತಿಯವರು ಕೂಲಿ ನಿಲ್ಲಿಸಬಹುದು. ನೀವು ಕೊಪ್ಪಳದಲ್ಲಿರುತ್ತೀರಿ, ಅದರ ಬೆಲೆ ತೆರುವವರು ಊರಿನಲ್ಲಿ ಉಳಿದವರು. ಈ ಕೆಲಸವೇ ಬೇಡವೆಂದು ಹಿಂದೆ ಸರಿಯುವ ಹಕ್ಕೂ ನಿಮಗಿದೆ, ಅದರಲ್ಲಿ ಪಾಪವೇನಿಲ್ಲ.

ನಾನು ಸೂಚಿಸುವ ದಾರಿ ಯೆರೆಮೀಯನ 32ನೆಯ ಅಧ್ಯಾಯದಲ್ಲಿದೆ. ನಿರೀಕ್ಷೆ ಬರಿಯ ಸಮಾಧಾನವೇ ಎಂದು ಕೇಳಿದಿರಲ್ಲ, ಅದರ ಉತ್ತರವೂ ಅಲ್ಲೇ ಇದೆ. ಬಾಬೆಲಿನ ದಂಡು ಯೆರೂಸಲೇಮನ್ನು ಸುತ್ತುಗಟ್ಟಿದೆ. ಪ್ರವಾದಿ ಅರಮನೆಯ ಸೆರೆಯಲ್ಲಿದ್ದಾನೆ. ಊರು ಬೀಳುವುದು ಖಚಿತವೆಂದು ಸಾರಿದವನು ಅವನೇ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲನಿಂದ ಅನಾತೋತಿನ ಹೊಲವನ್ನು ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಳ್ಳುತ್ತಾನೆ. ಶತ್ರುವಿನ ಕಾಲಡಿ ಇರುವ ಹೊಲ! ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸುತ್ತಾನೆ. ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಬಹುದಿನ ಉಳಿಯುವಂತೆ ಇಡು ಎಂದು ತನ್ನ ಬರಹಗಾರ ಬಾರೂಕನಿಗೆ ಹೇಳುತ್ತಾನೆ. ಯೆರೆಮೀಯನು ಸೋಲನ್ನು ಮುಚ್ಚಿಡಲಿಲ್ಲ, ಸಮಾಧಾನವಿಲ್ಲದಿರುವಾಗ ಸಮಾಧಾನವೆಂದು ಹೇಳುವವರನ್ನು ಅವನಷ್ಟು ಖಂಡಿಸಿದವರಿಲ್ಲ. ಅವನ ನಿರೀಕ್ಷೆ ಬೆಳ್ಳಿ ತೂಗುವುದರಲ್ಲಿ, ದಾಖಲೆ ಬರೆಯುವುದರಲ್ಲಿ, ಅದನ್ನು ಜೋಪಾನ ಮಾಡುವುದರಲ್ಲಿ ಇತ್ತು.

ನೀವೂ ಎರಡು ಪ್ರತಿ ಮಾಡಿ. ಒಂದು ಮುಚ್ಚಿದ ಪ್ರತಿ. ಊರಿನ ಹಿರಿಯರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಕೂರಿಸಿ ಕೇಳಿ. ಹಲಗೆ ಬಾರಿಸುವುದನ್ನು ಮೊದಲು ನಿಲ್ಲಿಸಿದ ಮನೆ ಯಾವುದು, ಅದಕ್ಕೆ ಊರು ಏನು ಮಾಡಿತು, ಮೊದಲ ಮಾಸ್ತರರಿಗೆ ಜೋಳ ಕೊಟ್ಟವರು ಯಾರು, ಗುಳೆ ಹೋದ ವರ್ಷಗಳಲ್ಲಿ ಆರಾಧನೆ ಯಾರು ನಡೆಸಿದರು, ಪಾತ್ರೆಯ ಜಗಳದ ದಿನ ಮೊದಲು ಎದ್ದುಹೋದವರು ಯಾರು, ಅಂದು ಅತ್ತವರು ಯಾರು. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಬರೆದುಕೊಳ್ಳಿ, ಹೆಸರು ಸಮೇತ. ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳನ್ನು ಗೆದ್ದಲು ತಿನ್ನುವ ಮೊದಲು ಫೋಟೊ ತೆಗೆದಿಡಿ. ಇದನ್ನು ಅಚ್ಚು ಹಾಕಬೇಡಿ, ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದೆಂಬ ಷರತ್ತಿನೊಂದಿಗೆ ನಂಬಿಕೆಯ ಇಬ್ಬರ ಹತ್ತಿರ ಇರಿಸಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಸಭಾ ದಾಖಲೆಗಳ ಸಂಗ್ರಹಾಲಯವಿದೆ, ಅಲ್ಲಿಯೂ ವಿಚಾರಿಸಬಹುದು.

ತೆರೆದ ಪ್ರತಿ ಸಂಚಿಕೆಯದು. ಅದರಲ್ಲಿ ಹಲಗೆ ಇರಲಿ, ಬಿಟ್ಟಿ ಇರಲಿ, ಎಪ್ಪತ್ತರ ಒಡಕೂ ಇರಲಿ, ಬದುಕಿರುವವರ ಹೆಸರು ಬೇಡ, ಕುಟುಂಬಗಳ ಗುರುತೂ ಬೇಡ. ಕರಡನ್ನು ಬೇರೆ ಹೋದ ಸಭೆಯ ಹಿರಿಯರಿಗೂ ಓದಿ ಹೇಳಿ. ಅವರ ನೆನಪು ನಿಮ್ಮದಕ್ಕಿಂತ ಭಿನ್ನವಾಗಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಹೀಗೆ ಮಾಡಿದರೂ ಇಬ್ಬರಿಗೂ ಬೇಸರವಾಗುವ ಸಾಧ್ಯತೆಯಿದೆ. ಶತಮಾನೋತ್ಸವದ ಸಂತೋಷದಲ್ಲಿ ವೇದಿಕೆಯ ಮೇಲೆ ಎರಡು ಕಡೆಯವರನ್ನೂ ಕೈ ಕುಲುಕಿಸಿ ಶಾಲು ಹೊದಿಸಿ ಮುಗಿಸಲು ಯಾರಾದರೂ ಹೊರಟರೆ ತಡೆಯಿರಿ. ಪಾತ್ರೆ ಮುಟ್ಟಲು ಬಿಡದವರು ಅರಿಕೆ ಮಾಡದೆ, ಮುಟ್ಟಲಾಗದೆ ಹೋದವರಿಂದ ಕ್ಷಮೆಯನ್ನು ಕಸಿಯಬಾರದು. ಕ್ಷಮಿಸುವುದು ಮರೆಯುವುದಲ್ಲ. ಸತ್ತು ಎದ್ದುಬಂದ ಯೇಸು ಶಿಷ್ಯ ತೋಮನಿಗೆ ತೋರಿಸಿದ್ದು ಮೊಳೆಯ ಗುರುತುಗಳನ್ನೇ. ಎರಡೂ ಸಭೆಗಳು ಒಂದೇ ರೊಟ್ಟಿ, ಒಂದೇ ಪಾತ್ರೆಯಿಂದ ಕರ್ತನ ಭೋಜನ ಮಾಡುವ ದಿನ ಶತಮಾನೋತ್ಸವಕ್ಕೆ ಬರದಿದ್ದರೆ ಅದರ ಮರುವರ್ಷಕ್ಕೆ ಬರಲಿ. ಅವಸರದ ಐಕ್ಯಕ್ಕಿಂತ ಕಾದ ಐಕ್ಯವನ್ನೇ ನಾನು ಬಯಸುತ್ತೇನೆ.

ಲೋಟದ ವಿಷಯ. ನೀವಿರುವ ಕೊಪ್ಪಳ ಜಿಲ್ಲೆಯಲ್ಲೇ, ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲಿನ ಪ್ರವೇಶದ ತಕರಾರಿನ ಹಿನ್ನೆಲೆಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಆ ಹತ್ತು ವರ್ಷ ಸಾಕ್ಷಿ ಹೇಳಲು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ನಾನು ನಿರೀಕ್ಷೆಯನ್ನು ಕಾಣುತ್ತೇನೆ. ಅವರ ಧರ್ಮ ಯಾವುದೆಂದು ನಾನು ಕೇಳುವುದಿಲ್ಲ. ಕ್ರೈಸ್ತ ನಿರೀಕ್ಷೆ ಕ್ರೈಸ್ತರ ಬೇಲಿಯೊಳಗೆ ಮಾತ್ರ ಕೆಲಸ ಮಾಡುವಂಥದ್ದಲ್ಲ. ನಿಮ್ಮ ಊರಿನ ಲೋಟದ ವಿರುದ್ಧ ಕೇರಿಯ ಹಿಂದೂ ಮಾದಿಗರು, ಚಲವಾದಿಗಳು, ಎರಡೂ ಸಭೆಯವರು ಒಟ್ಟಾಗಿ ನಿಲ್ಲಬೇಕು. ಬರಿಯ ಪ್ರಾರ್ಥನಾ ಕೂಟದಿಂದ ಲೋಟ ಬದಲಾಗುವುದಿಲ್ಲ, ಪ್ರಾರ್ಥನೆಯಿಲ್ಲದೆ ಇಷ್ಟು ದೀರ್ಘ ಕಾಲ ನಿಲ್ಲುವ ಬಲ ಬರುತ್ತದೆಂದೂ ನನಗೆ ಅನ್ನಿಸುವುದಿಲ್ಲ.

ನೀವು ಯಾರು? ಕ್ರಿಸ್ತನವರು. ಮಾದಿಗ ಕೇರಿಯ ಮಗಳು. ಕನ್ನಡದ ಶಿಕ್ಷಕಿ. ಮತ್ತಾಯನು ಯೇಸುವಿನ ವಂಶಾವಳಿಯಲ್ಲಿ ತಾಮಾರ, ರಾಹಾಬ, ರೂತ್, ಊರೀಯನ ಹೆಂಡತಿ ಇವರನ್ನು ಬಿಡದೆ ಬರೆದ. ಒಂದು ಗುರುತನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಅಳಿಸಬೇಕೆಂಬ ಒತ್ತಾಯ ಹೊರಗಿನಿಂದ ಬಂದರೂ, ಪುಲ್ಪಿಟ್ಟಿನಿಂದ ಬಂದರೂ ಒಪ್ಪಬೇಡಿ.

ಕೊನೆಯದಾಗಿ ಪ್ರಮಾಣಪತ್ರ. ಪೌಲನು ತನ್ನ ರೋಮ್ ಪೌರತ್ವವನ್ನು ಕೊರಡೆಯಿಂದ ತಪ್ಪಿಸಿಕೊಳ್ಳಲು ಬಳಸಿದ. ಕಾನೂನು ಕೊಟ್ಟ ಹಕ್ಕನ್ನು ಕೇಳುವುದು ನಂಬಿಕೆಗೆ ಕುಂದಲ್ಲ. ಆದರೆ ಆರಾಧನೆಯಲ್ಲಿ ಮುಂದೆ ನಿಂತು ಪರಿಶಿಷ್ಟ ಜಾತಿಯ ಪ್ರಮಾಣಪತ್ರದ ಮೇಲೆ ಹುದ್ದೆ ಪಡೆಯುವುದರಲ್ಲಿ, ಇಂದಿನ ಕಾನೂನಿನ ಪ್ರಕಾರ, ನಿಜವಾದ ಅಪಾಯವಿದೆ. ದೂರು ಬಂದರೆ ಜಾತಿ ಪರಿಶೀಲನಾ ಸಮಿತಿಯ ವಿಚಾರಣೆ, ಪ್ರಮಾಣಪತ್ರ ರದ್ದು, ಹುದ್ದೆಗೇ ಕುತ್ತು. ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದವರಿಗೆ ಸ್ಥಾನವಿದೆ. ಮೀಸಲಾತಿ ಕಡಿಮೆ, ಆದರೆ ಸುಳ್ಳು ಹೇಳಬೇಕಾಗಿಲ್ಲ. ಸಂವಿಧಾನದ 371 ಜೆ ವಿಧಿಯ ಸೌಲಭ್ಯ ಜಾತಿ ಧರ್ಮ ನೋಡದೆ ನಮ್ಮ ಭಾಗದ ಸ್ಥಳೀಯರಿಗೆ ಸಿಗುವಂಥದ್ದು, ಅದನ್ನು ಪಡೆದಿಲ್ಲವಾದರೆ ಪಡೆಯಿರಿ. ನಿಮ್ಮ ನೇಮಕಾತಿ ಯಾವ ಪ್ರವರ್ಗದಲ್ಲಿ ಆಯಿತೆಂದು ನೀವು ಬರೆದಿಲ್ಲ. ಅದನ್ನು ಇಲ್ಲಿ ಬರೆಯದೆ ಇದ್ದದ್ದೇ ಒಳ್ಳೆಯದು. ಯಾವ ಅರ್ಜಿಯನ್ನಾದರೂ ಕೊಡುವ ಮೊದಲು ಸೇವಾ ವಿಷಯಗಳನ್ನು ಬಲ್ಲ ವಕೀಲರೊಬ್ಬರಿಗೆ ಎಲ್ಲ ಕಾಗದಗಳನ್ನೂ ತೋರಿಸಿ. ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಅದು ನ್ಯಾಯಾಲಯದ ಆವರಣದಲ್ಲೇ ಇದೆ. ಸಾಧ್ಯವಾದರೆ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ.